ನಾಯಿ ಮೂಸಿ ಬಿಟ್ಟುಹೋದ ಲಂಗ

ನನ್ನ ಮೊಮ್ಮಗಳು ಚೈತ್ರಳಿಗೆ ಸೀಟು ಸಿಕ್ಕಿತು. ಪಾಲಿಟೆಕ್ನಿಕ್ಕಿನಲ್ಲಿ ಬಟ್ಟೆ ಡಿಸೈನಿನ ಡಿಪ್ಲೊಮಾ, ಮೂರು ವರ್ಷದ್ದು, ದಿನಾ ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಬೆಳಿಗ್ಗೆ ಹತ್ತೂಕಾಲಿಗೆ ಅವಳ ಫೋನಿಗೆ ಮೆಸೇಜು ಬಂತು. ಹತ್ತೂವರೆಗೆ ನಮ್ಮ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ಗೊತ್ತಾಗಿತ್ತು. ಹೇಳಿಕೊಂಡು ಹೋದವಳು ನಾನೇ. ಕೈಯಲ್ಲಿ ಸಕ್ಕರೆ ಡಬ್ಬಿ, ಕಾಲಲ್ಲಿ ಒಂದೇ ಚಪ್ಪಲಿ. ಇನ್ನೊಂದನ್ನು ಯಾರ ಮನೆಯ ಮುಂದೆ ಬಿಟ್ಟೆನೋ ಇನ್ನೂ ಸಿಕ್ಕಿಲ್ಲ. ಗೊತ್ತಿದ್ದವರಿಗೂ ಹೇಳಿದೆ, ಗೊತ್ತಿಲ್ಲದವರಿಗೂ ಹೇಳಿದೆ. ಗ್ಯಾಸ್ ಸಿಲಿಂಡರ್ ಇಳಿಸಲು ಬಂದವನ ಬಾಯಿಗೂ ಒಂದು ಚಮಚ ಸಕ್ಕರೆ ಹಾಕಿದೆ.

ಎಪ್ಪತ್ತರ ಹತ್ತಿರದ ಮಂಡಿಗಳಿಗೆ ಸಂತೋಷವೂ ಒಂದು ಕೆಲಸವೇ. ಮಧ್ಯಾಹ್ನ ಬಂದು ಜಗಲಿಯ ಮೇಲೆ ಕೂತವಳಿಗೆ ಏಳಲು ಆಗಲಿಲ್ಲ. ಸೊಂಟ ಹಿಡಿದುಕೊಂಡಿತ್ತು, ಕಣ್ಣು ಎಳೆಯುತ್ತಿತ್ತು, ಎದೆಯಲ್ಲಿ ಮಾತ್ರ ಹಾಲು ಉಕ್ಕುತ್ತಿತ್ತು. ಒಳಗೆ ಚೈತ್ರ ಮಾರ್ಕ್ಸ್ ಕಾರ್ಡ್ ಹುಡುಕಲು ಟ್ರಂಕು ಖಾಲಿ ಮಾಡುತ್ತಿದ್ದಳು. ತಳದಿಂದ ಒಂದು ಗುಲಾಬಿ ಬಣ್ಣದ ಲಂಗ ಎಳೆದು ತಂದು ನನ್ನ ಮಡಿಲಿಗೆ ಹಾಕಿದಳು.

"ಇದನ್ನೂ ಕಾಲೇಜಿಗೆ ತಕಂಡೋಯ್ತೀನಿ ಕಣಜ್ಜಿ. ಮೇಡಂಗೆ ತೋರಿಸ್ಬೇಕು."

ಒಂದು ಕಡೆ ಹರಿದಿತ್ತು. ನಾಯಿಯ ಹಲ್ಲಿನ ಗುರುತು. ಎತ್ತಿ ಮೂಗಿಗೆ ಹಿಡಿದುಕೊಂಡೆ. ಏನೂ ಗೊತ್ತಾಗಲಿಲ್ಲ. ಅವತ್ತೂ ಗೊತ್ತಾಗಿರಲಿಲ್ಲ.

ಹೊರಗೆ ಗಾಳಿ ಬೀಸುತ್ತಿತ್ತು. ಆಷಾಢದ ಗಾಳಿ. ಆ ವರ್ಷವೂ ಇದೇ ಗಾಳಿ, ಮೂರು ಆಷಾಢದ ಹಿಂದೆ.

ನಮ್ಮ ಮನೆಯ ಹಿತ್ತಲಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ನಾಲ್ಕು ಬೇಸಿನ್ ಇವೆ. ಬೇಸಿನ್ ಅಂದರೆ ಬಿಸಿನೀರಿನ ತೊಟ್ಟಿ. ನನ್ನ ಮಗ ಸ್ವಾಮಿ ರಾಮನಗರದ ಮಾರ್ಕೆಟ್ಟಿನಿಂದ ಗೂಡು ತರುತ್ತಾನೆ. ನಾವು ಅದನ್ನು ಬೇಯಿಸಿ, ಎಳೆಯ ತುದಿ ಹುಡುಕಿ, ಚರಕಕ್ಕೆ ಕೊಡುತ್ತೇವೆ. ಕುದಿಯುವ ನೀರಿನಲ್ಲಿ ಬೆರಳಾಡಿಸುವ ಕೆಲಸ. ಉಯ್ಯಂಬಳ್ಳಿ ಕಡೆಯಿಂದ ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದ ಮೂರನೇ ದಿನ ನಮ್ಮತ್ತೆ ನನ್ನನ್ನು ಆ ತೊಟ್ಟಿಯ ಮುಂದೆ ಕೂರಿಸಿದರು. ಎದ್ದದ್ದು ಯಾವಾಗ ಎಂದು ಕೇಳಿದರೆ ಹೇಳಲಾರೆ. ನನ್ನ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ, ನೀರಲ್ಲಿ ನೆನೆಸಿದ ಕಡಲೆಕಾಯಿಯ ಹಾಗೆ ಸುಕ್ಕು. ಆಧಾರ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಿಸಿದಾಗ ಗೆರೆಯೇ ಬೀಳದೆ ಮೂರು ಸಲ ವಾಪಸು ಕಳಿಸಿದ್ದರು.

ಗೂಡಿನೊಳಗೆ ಹುಳ ಇರುತ್ತದೆ. ಗೂಡಿನ ಜೊತೆ ಅದೂ ಬೇಯುತ್ತದೆ. ಎಳೆ ಮುಗಿದ ಮೇಲೆ ಬೆಂದ ಹುಳವನ್ನು ಹಿಂದಿನ ಗೋಡೆಯ ಪಕ್ಕ ರಾಶಿ ಹಾಕುತ್ತೇವೆ. ಕಾಗೆ, ನಾಯಿ ಎಲ್ಲ ಬರುತ್ತವೆ. ಹೊಸಬರು ನಮ್ಮ ಬೀದಿಗೆ ಬಂದರೆ ಸೆರಗು ಮೂಗಿಗೆ ಹೋಗುತ್ತದೆ. ನಮಗೆ ಮಾತ್ರ ಆ ವಾಸನೆ ಇಲ್ಲವೇ ಇಲ್ಲ. ನಮ್ಮ ಮೂಗು ಎಂದೋ ಅದಕ್ಕೆ ಒಗ್ಗಿಹೋಗಿದೆ.

ಚೈತ್ರ ಏಳನೇ ಕ್ಲಾಸಿನವರೆಗೂ ನನ್ನ ಕೈತುತ್ತನ್ನೇ ಉಂಡವಳು. ಅವಳಮ್ಮ ಭಾಗ್ಯ ಬಿಡದಿ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಬರುವುದು ತಡ. ಸಂಜೆ ಬೇಸಿನ್ ಆರಿಸಿ ನಾನು ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗೆ ಇಟ್ಟರೆ ಹಾಗೇ ನುಂಗುತ್ತಿದ್ದಳು. ಒಂದು ಸಂಜೆ ಮುಖ ಆ ಕಡೆಗೆ ತಿರುಗಿಸಿದಳು.

"ತಟ್ಟೆಗಾಕಜ್ಜಿ. ನಾನೇ ಉಣ್ತೀನಿ."

ದೊಡ್ಡವಳಾದಳು ಅಂದುಕೊಂಡೆ. ನನಗೆ ಖುಷಿಯೇ ಆಯಿತು.

ಹತ್ತನೇ ಕ್ಲಾಸಿನ ಅರ್ಧದಲ್ಲಿ ಅವಳು ಸ್ಕೂಲ್ ಬ್ಯಾಗನ್ನು ಮೊಳೆಗೆ ನೇತುಹಾಕಿ ಮತ್ತೆ ತೆಗೆಯಲಿಲ್ಲ. ಸ್ವಾಮಿ ಬೈದ, ಭಾಗ್ಯ ಅತ್ತಳು. ಮೇಷ್ಟರು ಮನೆಗೆ ಬಂದರು. ಕಾರಣ ಏನೆಂದು ಅವಳು ಯಾರಿಗೂ ಹೇಳಲಿಲ್ಲ. ತಿಂಗಳುಗಳಾದ ಮೇಲೆ, ತಲೆ ಬಾಚುವಾಗ ನನಗೆ ಹೇಳಿದಳು. ಬೆಂಚಿನಲ್ಲಿ ಪಕ್ಕ ಕೂತ ಹುಡುಗಿ ಎದ್ದುಹೋಗಿದ್ದಳಂತೆ. "ಇವಳ ಪಕ್ಕ ಕೂತ್ರೆ ಬುತ್ತಿ ಸೇರಲ್ಲ ಮಿಸ್" ಅಂದಳಂತೆ. ಕ್ಲಾಸೆಲ್ಲ ನಕ್ಕಿತಂತೆ.

"ಎರಡೊತ್ತು ನೀರು ಹುಯ್ಕೊಂಡೆ ಅಜ್ಜಿ. ಸೋಪು ಬದಲಾಯಿಸ್ದೆ. ವಾಸ್ನೆ ಹೋಗಿದ್ಯಾ ಇಲ್ವಾ ಅನ್ನೋದು ನನಗೆಂಗೆ ಗೊತ್ತಾಗ್ಬೇಕು? ನನಗೆ ಬರಲ್ವಲ್ಲ."

ಅವಳ ಭಯವೆಲ್ಲ ಅದರಲ್ಲೇ ಇತ್ತು. ತನ್ನ ಮೈಯ ವಾಸನೆ ತನಗೇ ಗೊತ್ತಾಗುವುದಿಲ್ಲ. ಮನೆಯವರನ್ನು ಕೇಳೋಣವೆಂದರೆ ಮನೆಯವರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಹೊಸ್ತಿಲು ದಾಟುವುದನ್ನೇ ಬಿಟ್ಟಳು, ದಿನವಿಡೀ ಕಿಟಕಿ ಪಕ್ಕ ಕೂತಿರುತ್ತಿದ್ದಳು. ವರ್ಷ ತುಂಬುತ್ತ ಬಂತು. ಸ್ವಾಮಿ ಸುಸ್ತಾಗಿದ್ದ. "ಓದಲ್ಲ, ಆಚೆಗೆ ಬರಲ್ಲ. ಹದಿನೆಂಟು ತುಂಬುತ್ಲೂ ಒಂದು ಗಂಡು ನೋಡಿ ಕೊಟ್ಬುಡಾನ ಕಣವ್ವ" ಅನ್ನುತ್ತಿದ್ದ. ಅವನದೂ ತಪ್ಪಲ್ಲ. ಆದರೆ ಕಿಟಕಿ ಪಕ್ಕ ಕೂತ ಹುಡುಗಿಯನ್ನು ಎತ್ತಿ ಇನ್ನೊಂದು ಮನೆಯ ಕಿಟಕಿ ಪಕ್ಕ ಕೂರಿಸಿದಂತಾಗುತ್ತದೆ ಅಂತ ನನಗೆ ಅನ್ನಿಸುತ್ತಿತ್ತು.

ಆ ಆಷಾಢದಲ್ಲಿ ನಮ್ಮೂರಿಗೆ ಒಂದು ಹೊಸ ಹಬ್ಬ ಬಂತು.

ಎದುರು ಮನೆಯ ಜುಬೇದಾಬಿ ಟೈಲರ್. ಎರಡು ಮೆಷಿನ್ ಇಟ್ಟುಕೊಂಡು ಮೂವತ್ತು ವರ್ಷದಿಂದ ಬೀದಿಯ ರವಿಕೆಗಳನ್ನೆಲ್ಲ ಹೊಲಿದವಳು. ಆಷಾಢದಲ್ಲಿ ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ಹೊಲಿಗೆ ಇಲ್ಲ. ಟೈಲರುಗಳೆಲ್ಲ ಬಾಗಿಲಲ್ಲಿ ಕೂತು ನೊಣ ಓಡಿಸುವ ತಿಂಗಳು. ಆ ಸಲ ಯಾವುದೋ ಕಾರ್ಖಾನೆಯಲ್ಲಿ ಹೊರದೇಶದ ಮಕ್ಕಳಿಗೆ ಹೊಲಿಯಬೇಕಾಗಿದ್ದ ಆರ್ಡರು ನಿಂತುಹೋಗಿ, ಗುಲಾಬಿ, ಬಿಳಿ ನೆಟ್ ಬಟ್ಟೆಯ ಥಾನುಗಳು ನಮ್ಮೂರಿನ ಹೆಣ್ಣುಮಕ್ಕಳ ಟೈಲರ್ ಸಂಘಕ್ಕೆ ಬಂದವು. ಸೊಳ್ಳೆಪರದೆಗಿಂತ ತೆಳ್ಳಗೆ. ಅದರಲ್ಲಿ ರವಿಕೆ ಹೊಲಿಯುವಂತಿಲ್ಲ, ಸೀರೆ ಉಡುವಂತಿಲ್ಲ. ಏನು ಮಾಡುವುದು ಎಂದು ಎಲ್ಲರೂ ತಲೆ ಮೇಲೆ ಕೈ ಹೊತ್ತಾಗ ಹೆಣ್ಣುಮಕ್ಕಳ ಶಾಲೆಯ ಡ್ರಾಯಿಂಗ್ ಟೀಚರ್ ಸರಳಾ ತಮ್ಮ ಫೋನಿನಲ್ಲಿ ಒಂದು ಕುಣಿತ ತೋರಿಸಿದರು. ಬ್ಯಾಲೆ ಎಂದರು. ಕತ್ತು ನೀಳ, ತಲೆಗೂದಲು ಬಿಗಿಯಾಗಿ ತುರುಬು, ಕಾಲಿಗೆ ರಿಬ್ಬನ್ ಸುತ್ತಿದ ಮೆತ್ತನೆ ಬೂಟು. ಲಂಗ ಮಾತ್ರ ಕೆಳಗೆ ಇಳಿಯುವುದೇ ಇಲ್ಲ. ಸೊಂಟದ ಸುತ್ತ ತಟ್ಟೆಯ ಹಾಗೆ ಅಡ್ಡಕ್ಕೆ ನಿಂತಿದೆ.

"ಇಷ್ಟಗಲ ಲಂಗ ಹಾಕ್ಕೊಂಡು ಬಸ್ಸೆಂಗತ್ತಾರೆ?" ಎಂದು ಜುಬೇದಾಬಿ ಕೇಳಿದಳು.

"ಕುಣಿಯೋರು ಬಸ್ಸು ಯಾಕತ್ತಾರೆ. ನೀವು ಉಡುಪು ಮಾತ್ರ ನೋಡಿ" ಎಂದರು ಟೀಚರ್.

ಹಾಗೆ ಶುರುವಾಯಿತು ಬ್ಯಾಲೆ ಉಡುಪಿನ ಹಬ್ಬ. ಆಷಾಢದ ನಾಲ್ಕೂ ಭಾನುವಾರ, ಶಾಲೆಯ ಮುಂದಿನ ರಸ್ತೆಯಲ್ಲಿ. ಕುಣಿಯಬೇಕಾಗಿಲ್ಲ. ಆ ಥರ ಉಟ್ಟುಕೊಂಡು ಬಂದು ನಡೆದು ತೋರಿಸಿದರೆ ಸಾಕು. ಟೈಲರುಗಳ ಕೈಕೆಲಸ ಊರಿಗೆ ಕಾಣಬೇಕು, ಅಷ್ಟೇ.

ಮೊದಲ ಭಾನುವಾರ ನಾನೂ ಹೋಗಿದ್ದೆ. ತುರುಬು ಕಟ್ಟಲು. ಈ ಕಾಲದ ತಾಯಂದಿರಿಗೆ ತುರುಬು ಕಟ್ಟಲು ಬರುವುದಿಲ್ಲ, ಕ್ಲಿಪ್ಪು ಹಾಕಲು ಬರುತ್ತದೆ. ಅದಕ್ಕೆ ನಮ್ಮಂಥ ಐದಾರು ಮುದುಕಿಯರನ್ನು ಶಾಲೆಯ ಜಗಲಿಯಲ್ಲಿ ಸಾಲಾಗಿ ಕೂರಿಸಿದರು. ಹರಳೆಣ್ಣೆ ಹಚ್ಚಿ, ಬಾಚಿ, ಎಳೆದು, ತಿರುಚಿ, ಸುತ್ತಿ ಪಿನ್ನು ಚುಚ್ಚುವುದು. ಮಕ್ಕಳು ಅಯ್ಯೋ ಅನ್ನುತ್ತಿದ್ದವು. ಗೊಂಬೆ ಮಾಡುವವರು ಅರಗಿನ ಬಣ್ಣದ ಮರದ ಕಡ್ಡಿಗಳನ್ನು ಕಡೆದು ತಂದಿದ್ದರು, ತುರುಬಿಗೆ ಸಿಕ್ಕಿಸಲು. ಕಬ್ಬಿನ ಹಾಲಿನವನು ಮೆಷಿನ್ನಿನ ಚಕ್ರಕ್ಕೆ ಗುಲಾಬಿ ರಿಬ್ಬನ್ ಸುತ್ತಿದ್ದ. ಸೀರೆಯ ಮೇಲೆ ನೆಟ್ಟಿನ ಲಂಗ ಕಟ್ಟಿಕೊಂಡ ಹೆಂಗಸರು, ಬುರ್ಖಾದ ಅಂಚಿಗೆ ನೆಟ್ಟಿನ ಜಾಲರಿ ಹೊಲಿಸಿಕೊಂಡವರು, ಪಂಚೆಯ ಕೆಳಗೆ ಮೊಮ್ಮಗಳ ಮೆತ್ತನೆ ಬೂಟು ಸಿಕ್ಕಿಸಿಕೊಂಡು ಬೈಸಿಕೊಂಡ ಒಬ್ಬ ತಾತ. ಆಷಾಢದ ಗಾಳಿ ಬಂದಾಗಲೆಲ್ಲ ರಸ್ತೆಯ ತುಂಬ ನೆಟ್ಟು ಬುಸ್ಸೆಂದು ಎದ್ದು ಇಳಿಯುತ್ತಿತ್ತು. ಮನೆಗೆ ಬಂದಾಗ ನನ್ನ ರಟ್ಟೆ ಬಿದ್ದುಹೋಗಿತ್ತು. ಮೂವತ್ತೋ ನಲವತ್ತೋ ತುರುಬು ಕಟ್ಟಿದ್ದೆ.

ಮಾರನೆ ದಿನ ಜುಬೇದಾಬಿ ನಮ್ಮ ಕಿಟಕಿಯ ಹೊರಗೆ ನಿಂತು, ಒಳಗೆ ಕೂತಿದ್ದ ಚೈತ್ರಳನ್ನು ಅಳತೆ ಟೇಪಿನಿಂದ ತಿವಿದಳು.

"ಏನಮ್ಮ, ನಿನ್ನಷ್ಟು ಎತ್ತರದೋರು ನನಗೆ ಸಿಗ್ತಾ ಇಲ್ಲ. ಎದ್ದು ಬಾ, ಒಂದು ಲಂಗ ಹೊಲೀಬೇಕು."

"ನಾನ್ ಬರಲ್ಲ ಬಿಡಿ."

"ಜನದ ಮುಂದೆ ಬಾ ಅಂದ್ನಾ? ನನ್ನ ಮನೆಗೆ ಬಾ. ಎಂಟು ಹೆಜ್ಜೆ. ನಾನೂ ಮೂವತ್ತು ವರ್ಷದಿಂದ ನಿಮ್ಮ ಹಿತ್ತಲ ಗಾಳಿನೇ ಕುಡಿದೋಳು. ನನ್ನ ಮೂಗು ನಿಂದಕ್ಕಿಂತ ಕೆಟ್ಟಿದೆ."

ಚೈತ್ರ ನಕ್ಕಿದ್ದು ನನಗೆ ಕೇಳಿಸಿತು. ಬೇಸಿನ್ ಮುಂದೆ ಕೂತಿದ್ದ ನನಗೆ ಎಳೆಯ ತುದಿ ಕೈತಪ್ಪಿ ಹೋಯಿತು.

ಎಂಟು ಹೆಜ್ಜೆ ದಾಟಿದಳು. ಅಳತೆ ಕೊಡಲು ಹೋದವಳು ಖಾಲಿ ಇದ್ದ ಮೆಷಿನ್ ಮುಂದೆ ಕೂತಳು. ಮೂರು ದಿನದಲ್ಲಿ ಪದರದ ಮೇಲೆ ಪದರ, ಆರು ಪದರ ನೆರಿಗೆ ಹಿಡಿದು ತನ್ನ ಲಂಗ ತಾನೇ ಹೊಲಿದಳು. ಜುಬೇದಾಬಿ ಬಂದು ನನ್ನ ಕಿವಿಯಲ್ಲಿ, "ಅಕ್ಕ, ಇದರ ನೆರಿಗೆ ನೋಡು. ನಾನು ಹತ್ತು ವರ್ಷಕ್ಕೆ ಕಲಿತಿದ್ದು" ಅಂದಳು. ಚೈತ್ರ ಎರಡನೇ ಭಾನುವಾರ ಹಬ್ಬಕ್ಕೆ ಬರುತ್ತೇನೆ ಅಂದಳು. ಸ್ವಾಮಿ ಬಾಯಿ ತೆರೆದವನು ಮುಚ್ಚಲೇ ಇಲ್ಲ.

ಆದರೆ ಲಂಗ ನಿಲ್ಲಲಿಲ್ಲ. ಫೋನಿನಲ್ಲಿ ತಟ್ಟೆಯ ಹಾಗಿದ್ದದ್ದು ಇವಳ ಸೊಂಟದಲ್ಲಿ ಮಳೆಯಲ್ಲಿ ನೆಂದ ಕೋಳಿಯ ಹಾಗೆ ಜೋತುಬಿತ್ತು. ಅನ್ನದ ಗಂಜಿ ಹಾಕಿದರು. ಆಷಾಢದ ತೇವಕ್ಕೆ ಗಂಜಿ ಅರ್ಧ ದಿನ ತಡೆಯಲಿಲ್ಲ. ಶನಿವಾರ ಮಧ್ಯಾಹ್ನ ಚೈತ್ರ ಅದನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಕಿಟಕಿಯ ಪಕ್ಕ ಕೂತಳು. ಆ ಕಿಟಕಿ ಕಂಡರೆ ನನಗೆ ಆಗ ಹೆದರಿಕೆ.

"ಕೊಡಿಲ್ಲಿ. ನಾನ್ ನಿಲ್ಲಿಸ್ಕೊಡ್ತೀನಿ" ಅಂದೆ.

ನೂಲು ತೆಗೆಯುವವರಿಗೆ ಗೊತ್ತಿರುವ ಒಂದು ಸಂಗತಿ ಇದೆ. ಗೂಡಿನ ಎಳೆಗೆ ಹುಟ್ಟುತ್ತಲೇ ಅಂಟು ಇರುತ್ತದೆ. ಬೇಯಿಸಿದಾಗ ಅದು ಬೇಸಿನ್ ನೀರಿಗೆ ಇಳಿಯುತ್ತದೆ. ಆ ನೀರು ಬಿದ್ದ ಸೆರಗು ಒಣಗಿದರೆ ರಟ್ಟಿನ ಹಾಗೆ ಸೆಟೆದುಕೊಳ್ಳುತ್ತದೆ. ಬೆಳಿಗ್ಗೆಯ ನೀರು ತೆಳು, ಸಂಜೆಯ ನೀರು ಗಟ್ಟಿ. ನಾನು ಸಂಜೆಯ ನೀರನ್ನೇ ತೆಗೆದೆ. ಸೋಸಿದೆ, ಪಾತ್ರೆಯಲ್ಲಿ ಕುದಿಸಿ ಇನ್ನೂ ಗಟ್ಟಿ ಮಾಡಿದೆ, ಲಂಗ ಅದ್ದಿದೆ. ನನ್ನ ತವರಿನಿಂದ ಬಂದ ಹುಳ ಸಾಕುವ ದೊಡ್ಡ ಬಿದಿರಿನ ತಟ್ಟೆ ಅಟ್ಟದಲ್ಲಿತ್ತು. ಅದರ ಮೇಲೆ ಲಂಗವನ್ನು ಗುಂಡಗೆ ಹರಡಿ ಒಲೆಯ ಶಾಖದಲ್ಲಿ ಒಣಗಿಸಿದೆ. ಬೆಳಿಗ್ಗೆ ಎತ್ತಿದರೆ ತಟ್ಟೆಯ ಆಕಾರಕ್ಕೆ ಗಟ್ಟಿಯಾಗಿ ನಿಂತಿತ್ತು. ಬೆರಳಿಂದ ತಟ್ಟಿದರೆ ಟಪ್ ಅನ್ನುತ್ತಿತ್ತು.

ಚೈತ್ರ ಅದನ್ನು ಕಟ್ಟಿಕೊಂಡು ನಡುಮನೆಯಲ್ಲಿ ಒಂದು ಸುತ್ತು ತಿರುಗಿದಳು. ಭಾಗ್ಯ ಸೌಟು ಹಿಡಿದುಕೊಂಡೇ ನಿಂತಳು. ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆ ಪಟ್ಟಿದ್ದಿಲ್ಲ. ನಾವು ನಾಲ್ಕು ಜನ, ಜುಬೇದಾಬಿ ಸೇರಿ ಐದು. ಐದು ಮೂಗೂ ಒಂದೇ ಥರದವು.

ಭಾನುವಾರ ಮೋಡ ಕವಿದಿತ್ತು. ಸ್ವಾಮಿ ತನ್ನ ಟೆಂಪೋವನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಗಾಡಿಗಳನ್ನು ತಡೆದಿದ್ದ. ನಾರಿನ ಚಾಪೆ ಹಾಸಿದ್ದರು. ಚೈತ್ರ ಚೂಡಿದಾರದ ಪ್ಯಾಂಟಿನ ಮೇಲೆ ಲಂಗ ಕಟ್ಟಿ, ನನ್ನ ಕೈಯ ತುರುಬು ಹಾಕಿಸಿಕೊಂಡು ಚಾಪೆಯ ಮೇಲೆ ಕಾಲಿಟ್ಟಳು. ಬೇರೆಯವರ ಲಂಗಗಳೆಲ್ಲ ಜೋತಾಡುತ್ತಿದ್ದವು. ಇವಳದು ಮಾತ್ರ ಅಲುಗಲಿಲ್ಲ. ಜನ ಓಹೋ ಅಂದರು. ಸರಳಾ ಟೀಚರ್ ಚಪ್ಪಾಳೆ ತಟ್ಟಿದರು. ಇವಳ ಕ್ಲಾಸಿನ ಹಳೆಯ ಹುಡುಗಿಯರು ಮುಂದಿನ ಸಾಲಿನಲ್ಲೇ ಇದ್ದರು. ಚೈತ್ರ ಕತ್ತು ನೀಳ ಮಾಡಿದಳು. ಅಷ್ಟೆತ್ತರ ಇದ್ದಾಳೆ ಎಂದು ನನಗೆ ಅವತ್ತೇ ತಿಳಿದದ್ದು.

ಅರ್ಧ ದಾರಿಗೆ ಸೋನೆ ಹಿಡಿಯಿತು.

ಮೊದಲು ಬಂದದ್ದು ಕೆಂಚ. ನಮ್ಮ ಹಿಂದಿನ ಗೋಡೆಯ ಪಕ್ಕ ಹುಳದ ರಾಶಿಗೆ ಕಾದುಕೊಂಡು ಮಲಗುವ ಬೀದಿನಾಯಿ, ಒಂದು ಕಿವಿ ಮಡಚಿಕೊಂಡದ್ದು. ಎಲ್ಲಿತ್ತೋ, ಜನದ ಕಾಲುಗಳ ಮಧ್ಯೆ ನುಗ್ಗಿಕೊಂಡು ಬಂದು ಚಾಪೆ ಹತ್ತಿತು. ಅದರ ಹಿಂದೆ ಇನ್ನೆರಡು. ನಾನು ಹಚಾ ಎಂದೆ. ಚೈತ್ರ ತಿರುಗಿ ನೋಡಿದಳು. ಮುಂದಿನ ಸಾಲಿನ ಹುಡುಗಿಯರು ದುಪಟ್ಟಾ ಮೂಗಿಗೆ ಹಿಡಿದಿದ್ದರು. ಒಬ್ಬಳು ಇನ್ನೊಬ್ಬಳ ಭುಜದಲ್ಲಿ ಮುಖ ಹುದುಗಿಸಿ ಅಲುಗಾಡುತ್ತಿದ್ದಳು. ಕೆಂಚ ಲಂಗದ ಅಂಚನ್ನು ಬಾಯಲ್ಲಿ ಹಿಡಿದು, ಬಾಲ ಅಲ್ಲಾಡಿಸುತ್ತ ಎಳೆಯಿತು. ಅದಕ್ಕೆ ಅದು ಊಟ. ಯಾರೋ, "ಲೇ, ನಾಯಿಗೂ ಬ್ಯಾಲೆ ಬತ್ತದೆ ಕಣ್ಲಾ" ಅಂದರು. ರಸ್ತೆಯೆಲ್ಲ ನಕ್ಕಿತು.

ಚೈತ್ರ ಅಳಲಿಲ್ಲ. ಸೊಂಟದ ಲಾಡಿ ಬಿಚ್ಚಿದಳು. ಲಂಗವನ್ನು ನಾಯಿಗೇ ಬಿಟ್ಟು, ಚಾಪೆಯಿಂದ ಇಳಿದು, ಮನೆಯ ಕಡೆ ನಡೆದುಹೋದಳು. ಓಡಲಿಲ್ಲ.

ನನಗೆ ಏನಾಯಿತೆಂದೇ ತಿಳಿಯಲಿಲ್ಲ. ಕೆಂಚನ ಬಾಯಿಂದ ಲಂಗ ಬಿಡಿಸಿಕೊಂಡು ನಿಂತಿದ್ದೆ. ಜುಬೇದಾಬಿ ಬಂದು ಮೆಲ್ಲಗೆ, "ಅಕ್ಕ, ವಾಸನೆಯಂತೆ. ಒದ್ದೆ ಆಯ್ತಲ್ಲ, ಎದ್ದುಬಿಡ್ತು" ಅಂದಳು. ನಾನು ಲಂಗವನ್ನು ಮುಖಕ್ಕೆ ಒತ್ತಿಕೊಂಡೆ. ಎಳೆದು ಎಳೆದು ಮೂಸಿದೆ. ಮಳೆಯ ವಾಸನೆ ಬಂತು. ಬಟ್ಟೆಯ ವಾಸನೆ ಬಂತು. ಇನ್ನೇನೂ ಬರಲಿಲ್ಲ.

ಆಮೇಲಿನ ಎಂಟು ದಿನ ನಾನು ಬದುಕಿದ್ದು ಹೇಗೋ. ಚೈತ್ರ ಮಾತಾಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ತಟ್ಟೆಗೆ ಹಾಕಿದ್ದನ್ನು ಉಂಡು, ತೊಳೆದಿಟ್ಟು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಏಳನೇ ಕ್ಲಾಸಿನಲ್ಲಿ ಅವಳು ಯಾಕೆ ಮುಖ ತಿರುಗಿಸಿದಳು ಎಂದು ನನಗೆ ಆಗ ಹೊಳೆಯಿತು. ಹುಣಸೆಹಣ್ಣು ಹಚ್ಚಿ ಕೈ ತಿಕ್ಕಿದೆ, ಬೂದಿಯಲ್ಲಿ ತಿಕ್ಕಿದೆ, ನಿಂಬೆಸಿಪ್ಪೆಯಲ್ಲಿ ತಿಕ್ಕಿದೆ. ಬೆಂದು ಬೆಂದು ತೆಳ್ಳಗಾದ ಚರ್ಮ, ಸುಲಿದು ಬಂತು. ಹೋಯಿತೋ ಇಲ್ಲವೋ ಕೇಳುವುದು ಯಾರನ್ನು? ಅವಳು ವರ್ಷಗಟ್ಟಲೆ ಅನುಭವಿಸಿದ್ದು ನನಗೆ ಎಂಟು ದಿನದಲ್ಲಿ ಬಂತು. ಮೂರನೇ ಭಾನುವಾರ ತುರುಬು ಕಟ್ಟಲು ಕರೆದರು. ನನ್ನ ಕೈಯನ್ನು ಯಾರ ಮಗುವಿನ ತಲೆಗೆ ಇಡಲಿ? ಹೋಗಲಿಲ್ಲ.

ಸ್ವಾಮಿ ಊಟಕ್ಕೆ ಕೂತಾಗ, "ಕನಕಪುರದ ಕಡೆ ಒಂದು ಮನೆ ಐತಂತೆ. ಹುಡುಗ ಚೆನ್ನಾಗವ್ನಂತೆ. ಈಗಲೇ ಅಲ್ಲ, ಮಾತಾಡಿ ಇಟ್ಟಿರಾನ" ಅಂದ. ಭಾಗ್ಯ ನನ್ನ ಮುಖ ನೋಡಿದಳು. ಬೇರೆ ದಿನವಾಗಿದ್ದರೆ ಬೇಡ ಅನ್ನುತ್ತಿದ್ದೆ. ಆ ದಿನ ನನಗೆ ಬೇಡ ಅನ್ನುವ ಮುಖವಿರಲಿಲ್ಲ.

ಒಂಬತ್ತನೇ ದಿನ, ಸೋಮವಾರ ಬೆಳಿಗ್ಗೆ, ನಾನು ಬೇಸಿನ್ ಹತ್ತಿಸಲು ಹಿತ್ತಲಿಗೆ ಹೋದರೆ ಚೈತ್ರ ಅಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಹರಿದ ಲಂಗ. ಪಕ್ಕದಲ್ಲಿ ನೂಲಿಗೆ ಬಾರದೆ ನಾವು ಆರಿಸಿ ಬಿಸಾಡುವ ಕಲೆಗೂಡುಗಳ ಬುಟ್ಟಿ.

"ಅಜ್ಜಿ, ಅವತ್ತಿನ ನೀರು ಯಾವೊತ್ತಿಂದು?"

ಎಂಟು ದಿನದ ಮೇಲೆ ಮೊದಲ ಮಾತು.

"ಸಂಜೇದು ಕಣವ್ವ. ಗಟ್ಟಿಯಾಗಿರ್ತದೆ ಅಂತ."

"ಬೆಳಗ್ಗಿಂದ ಅಷ್ಟೂ ಹುಳ ಬೆಂದಿರೋ ನೀರು."

"ಊಂ."

"ಅಂಟು ಇರೋದು ಹುಳದಲ್ಲೋ ಗೂಡಲ್ಲೋ?"

ಐವತ್ತು ವರ್ಷ ಆ ನೀರಲ್ಲಿ ಕೈ ಇಟ್ಟವಳು ನಾನು, ಆ ಪ್ರಶ್ನೆ ನನಗೆ ಬಂದಿರಲಿಲ್ಲ. "ಗೂಡಲ್ಲಿ" ಅಂದೆ.

"ಹಂಗಾರೆ ಹುಳ ಯಾಕೆ ಬೇಯಿಸ್ಬೇಕು?"

ಬ್ಲೇಡು ತೆಗೆದಳು. ಒಂದೊಂದೇ ಕಲೆಗೂಡನ್ನು ಕೊಯ್ದು, ಒಳಗಿನ ಹುಳ ಕೊಡವಿ, ಬರೀ ಚಿಪ್ಪನ್ನು ತೊಳೆದು ಮಡಕೆಗೆ ಹಾಕಿದಳು. ನಾನೂ ಕೂತೆ. ಬುಟ್ಟಿ ಮುಗಿಯುವವರೆಗೆ ಇಬ್ಬರೂ ಕೊಯ್ದೆವು. ಅವಳ ಬೆರಳು ಎರಡು ಕಡೆ ಕುಯ್ದುಕೊಂಡಿತು. ನನ್ನ ಬೆರಳು ಕುಯ್ದರೂ ಗೊತ್ತಾಗುವುದಿಲ್ಲ. ಹೊಸ ನೀರಲ್ಲಿ ಕುದಿಸಿ, ಸೋಸಿ ನೋಡಿದರೆ ನೀರು ತಿಳಿ ಜೇನಿನ ಬಣ್ಣಕ್ಕಿತ್ತು. ಲಂಗವನ್ನು ಸೋಪಿನ ಪುಡಿಯಲ್ಲಿ ಮೂರು ಸಲ ಒಗೆದು ಅದಕ್ಕೆ ಅದ್ದಿ, ತಟ್ಟೆಯ ಮೇಲೆ ಹರಡಿದೆವು. ಮೊದಲ ಸಲ ಬಾಗಿತು. ಇನ್ನೂ ಗಟ್ಟಿ ಕುದಿಸಿದೆವು. ಗುರುವಾರಕ್ಕೆ ನಿಂತಿತು.

ನಿಂತದ್ದು ಸರಿ, ವಾಸನೆ? ಅದನ್ನು ಹೇಳುವ ಮೂಗು ಮನೆಯಲ್ಲಿ ಇಲ್ಲ. ಚೈತ್ರ ಲಂಗಕ್ಕೆ ನೀರು ಚಿಮುಕಿಸಿ ಒದ್ದೆ ಮಾಡಿ ಜಗಲಿಯಲ್ಲಿಟ್ಟಳು. ನಾನು ಹೋಗಿಬರುವವರನ್ನು ತಡೆದೆ. ಕರೆಂಟ್ ಮೀಟರು ನೋಡಲು ಬಂದವನಿಗೆ, "ಒಸಿ ಮೂಸಿ ಹೇಳಪ್ಪ" ಅಂದೆ. ಅವನು ಲಂಗವನ್ನೂ ನನ್ನನ್ನೂ ನೋಡಿ, "ಅಮ್ಮಾ, ನನಗೆ ರೀಡಿಂಗ್ ಬರ್ಕೊಂಡು ಹೋಗೋದಷ್ಟೇ ಕೆಲ್ಸ" ಅಂದ. ಬಿಡಲಿಲ್ಲ. ಮೂಸಿದ. "ಒದ್ದೆ ಬಟ್ಟೆ ವಾಸ್ನೆ" ಅಂದ. ಮಾಗಡಿಯಿಂದ ನೆಂಟರ ಮನೆಗೆ ಬಂದಿದ್ದ ಒಬ್ಬ ಹೆಂಗಸನ್ನು ಕೇಳಿದೆ. ಆಕೆ ಮೂಗು ಮುಚ್ಚಿಕೊಂಡೇ ಬಂದಿದ್ದಳು, "ನಿಮ್ಮ ಬೀದಿನೇ ಹಂಗೈತಲ್ಲಮ್ಮ, ಇದ್ರಲ್ಲಿ ಏನಂತ ಹೇಳ್ಲಿ" ಅಂದಳು. ಚೈತ್ರಳ ಮುಖ ಸಣ್ಣಗಾಯಿತು.

ಆಗ ಕೆಂಚ ಹಿತ್ತಲ ಕಡೆಯಿಂದ ಬಂತು. ನಾನು ಕೋಲಿಗೆ ಕೈ ಹಾಕಿದೆ.

"ಬುಡಜ್ಜಿ" ಅಂದಳು ಚೈತ್ರ. "ಇದು ಸುಳ್ಳು ಹೇಳಲ್ಲ."

ಕೆಂಚ ಜಗಲಿ ಹತ್ತಿತು. ಲಂಗದ ಸುತ್ತ ಒಂದು ಸುತ್ತು ಬಂತು. ತಾನೇ ಹರಿದಿದ್ದ ಜಾಗದಲ್ಲಿ ಮೂಗಿಟ್ಟಿತು. ನಾನೂ ಉಸಿರು ಹಿಡಿದೆ, ಅವಳೂ ಹಿಡಿದಳು. ಕೆಂಚ ಒಂದು ಸಲ ಸೀನಿತು. ಆಮೇಲೆ ಇಳಿದು, ಗೋಡೆ ಬಳಸಿಕೊಂಡು, ತನ್ನ ಹುಳದ ರಾಶಿಯ ಕಡೆ ಹೊರಟುಹೋಯಿತು.

ಚೈತ್ರ ಜಗಲಿಯ ಮೇಲೆ ಕುಸಿದು ಕೂತು ನಗಲು ಶುರುಮಾಡಿದಳು. ನಾನೂ ನಕ್ಕೆ. ಪಕ್ಕೆ ಹಿಡಿದುಕೊಂಡಿತು. ನಗು ನಿಂತ ಮೇಲೆ ಇಬ್ಬರೂ ಸುಸ್ತಾಗಿ, ಗೋಡೆಗೆ ಒರಗಿ ಕೂತೆವು.

ಕೊನೆಯ ಭಾನುವಾರ ಅವಳು ಮತ್ತೆ ಚಾಪೆಯ ಮೇಲೆ ನಡೆದಳು. ಅದನ್ನು ದೊಡ್ಡದಾಗಿ ಹೇಳಬೇಕೆಂದು ಆಸೆ, ಆದರೆ ಅವತ್ತು ಮಳೆ ಜೋರಾಗಿತ್ತು. ಮೂವತ್ತು ಜನ ಇದ್ದರೋ ಇಲ್ಲವೋ. ನೋಡಬೇಕಾಗಿದ್ದ ಆ ಹುಡುಗಿಯರು ಒಬ್ಬರೂ ಬಂದಿರಲಿಲ್ಲ. ಕಬ್ಬಿನ ಹಾಲಿನವನ ರಿಬ್ಬನ್ನು ಬಣ್ಣ ಬಿಟ್ಟು ಚಕ್ರದ ತುಂಬ ಗುಲಾಬಿ ಇಳಿದಿತ್ತು. ಜುಬೇದಾಬಿ ಕೊಡೆ ಹಿಡಿದುಕೊಂಡು ಅವಳ ಪಕ್ಕದಲ್ಲೇ ನಡೆದಳು, ಆದರೆ ಲಂಗ ಅಷ್ಟಗಲ, ಕೊಡೆ ಸಾಲದು. ನೆಂದಿತು. ತುದಿಗೆ ಹೋಗುವಷ್ಟರಲ್ಲಿ ಸ್ವಲ್ಪ ಬಾಗಿತು. ಕೆಂಚ ಅಂಗಡಿಯ ಸೂರಿನ ಕೆಳಗೆ ಮಲಗಿ, ಒಂದು ಕಣ್ಣು ತೆರೆದು ನೋಡಿ ಮುಚ್ಚಿಕೊಂಡಿತು. ಸರಳಾ ಟೀಚರ್ ಮಾತ್ರ ಹತ್ತಿರ ಬಂದು, ಲಂಗದ ಅಂಚು ಮುಟ್ಟಿ, "ಇದಕ್ಕೆ ಏನು ಹಾಕಿದೀಯ?" ಎಂದು ಕೇಳಿದರು. ಚೈತ್ರ ಹೇಳಿದಳು. ಟೀಚರ್ ಮತ್ತೆ ಕೇಳಿದರು, ಇವಳು ಮತ್ತೆ ಹೇಳಿದಳು, ಈ ಸಲ ಕೈ ಆಡಿಸಿಕೊಂಡು. ನಾನು ದೂರದಿಂದ ನೋಡುತ್ತಿದ್ದೆ. ಹೊರಗಿನವರ ಅಷ್ಟು ಹತ್ತಿರ ಅವಳು ನಿಂತದ್ದು ನೋಡಿ ಎಷ್ಟು ಕಾಲವಾಗಿತ್ತು.

"ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟು" ಎಂದರಂತೆ ಟೀಚರ್. "ಇದನ್ನೇ ಓದೋ ಕಾಲೇಜಿದೆ."

ಆಮೇಲಿನದು ಬೇಗ ಹೇಳಿಬಿಡುತ್ತೇನೆ, ಅನುಭವಿಸುವಾಗ ಬೇಗ ಮುಗಿಯಲಿಲ್ಲ. ಮೊಳೆಯಿಂದ ಬ್ಯಾಗು ಇಳಿಯಿತು. ಕನಕಪುರದ ಮನೆಯವರಿಗೆ ಸ್ವಾಮಿ ತಾನೇ ಫೋನು ಮಾಡಿ, "ಹುಡುಗಿ ಓದ್ತೀನಿ ಅಂತವ್ಳೆ" ಅಂದ. ಗಣಿತ ಅವಳನ್ನು ಎರಡು ಸಲ ಬೀಳಿಸಿತು. ಎರಡು ಸಲವೂ ನನ್ನ ಪಕ್ಕ ಕೂತು ಗೂಡು ಬಿಚ್ಚಿದಳು, ಮತ್ತೆ ಪುಸ್ತಕ ತೆಗೆದಳು. ಮೂರನೇ ಸಲ ಗಣಿತವೇ ಸೋತು ಬಿಟ್ಟುಕೊಟ್ಟಿತು. ಇಷ್ಟೆಲ್ಲದರ ಮಧ್ಯೆ ಊಟ ಮಾತ್ರ ಅವಳು ತಟ್ಟೆಯಿಂದಲೇ ಮಾಡಿದಳು. ನಾನು ಒಂದು ದಿನವೂ ಕೇಳಲಿಲ್ಲ. ಕೇಳಬಾರದು ಅಂತ ನನ್ನಷ್ಟಕ್ಕೆ ಇಟ್ಟುಕೊಂಡಿದ್ದೆ.

ಇವತ್ತು ಬೇಸಿನ್ ಬೇಗ ಆರಿಸಿದೆವು. ಸ್ವಾಮಿ ನಾಟಿಕೋಳಿ ತಂದ. ಭಾಗ್ಯ ರಜೆ ಸಿಗದೆ ಶಿಫ್ಟ್ ಮುಗಿಸಿಯೇ ಬಂದಳು, ಬಂದವಳೇ ಚೀಲ ಬಿಸಾಡಿ ಮಗಳನ್ನು ತಬ್ಬಿಕೊಂಡು "ಓಡಿ ಓಡಿ ಬಂದು ನನ್ನ ಕಾಲು ಹೋಯ್ತು" ಎಂದು ಅಳುತ್ತ ನಕ್ಕಳು. ಸಾರು ಅವಳು ಮಾಡಿದಳು, ಮುದ್ದೆ ನಾನು ತಿರುವಿದೆ. ಜುಬೇದಾಬಿ ಸ್ಟೀಲು ಡಬ್ಬಿಯಲ್ಲಿ ಶ್ಯಾವಿಗೆ ಪಾಯಸ ತಂದಳು, ಕೊಟ್ಟು ಹೋಗುತ್ತೇನೆ ಅಂದವಳನ್ನು ಚೈತ್ರ ಕೈಹಿಡಿದು ಕೂರಿಸಿದಳು. ಅಷ್ಟರಲ್ಲಿ ಕತ್ತಲಾಗಿತ್ತು. ನಡುಮನೆಯಲ್ಲಿ ಐದು ತಟ್ಟೆ ಹಾಕಿ ಎಲ್ಲರೂ ಸುತ್ತ ಕೂತೆವು. ದಿನವಿಡೀ ಸಂತೋಷಪಟ್ಟು ಎಲ್ಲರೂ ಹಣ್ಣಾಗಿದ್ದೆವು.

ನಾನು ಒಂದು ತುತ್ತು ಮುರಿದು ಸಾರಿಗೆ ಅದ್ದಿದ್ದೆ, ನನ್ನ ಬಾಯಿಗೆಂದು. ಪಕ್ಕದಲ್ಲಿ ಕೂತಿದ್ದ ಚೈತ್ರ ಈ ಕಡೆ ತಿರುಗಿದಳು.

"ಅಜ್ಜಿ."

ನೋಡಿದೆ. ಬಾಯಿ ತೆರೆದು ಕೂತಿದ್ದಳು, ಚಿಕ್ಕವಳಿದ್ದಾಗಿನ ಹಾಗೆಯೇ, ಕಣ್ಣು ಅರ್ಧ ಮುಚ್ಚಿಕೊಂಡು.

ನನ್ನ ಕೈ ನಡುದಾರಿಯಲ್ಲಿ ನಿಂತಿತು. "ಇರು ಮಗ, ಕೈ ಇನ್ನೊಂದು ಸಲ ತೊಳ್ಕೊಂಡ್ ಬತ್ತೀನಿ" ಅಂದೆ.

"ಬ್ಯಾಡ. ಆರೋಯ್ತದೆ. ಹಾಕು."

ಹಾಕಿದೆ. ಅವಳ ತುಟಿ ನನ್ನ ಬೆರಳಿಗೆ ತಗುಲಿತು. ಬಿಸಿ ತಂಪು ತಿಳಿಯದ ಬೆರಳುಗಳು, ಅದು ಮಾತ್ರ ತಿಳಿಯಿತು. ಸ್ವಾಮಿ ತಟ್ಟೆಯ ಮೇಲೆ ತಲೆ ಬಗ್ಗಿಸಿಕೊಂಡ. ಚೈತ್ರ ನುಂಗಿ, ಸ್ವಲ್ಪ ಯೋಚಿಸಿ, ಅವಳಮ್ಮನ ಕಡೆ ನೋಡಿದಳು.

"ಸಾರಿಗೆ ಒಸಿ ಉಪ್ಪು ಕಮ್ಮಿ ಕಣವ್ವ" ಅಂದಳು. ಆಮೇಲೆ ಮತ್ತೆ ಬಾಯಿ ತೆರೆದಳು.